ಮಗ್ಗುಲ ಮನೆಯ ಸಾಕ್ಷಿ

ಸುಗ್ಗಿಯ ದಿನಗಳಲ್ಲಿ ಅಣ್ಣಿಗೇರಿ ಸೀಮೆಯ ಯಾವ ಮನೆಯಲ್ಲೂ ಕಡಲೆಗೆ ಕೊರತೆಯಿಲ್ಲ. ಎಂಟನೆಯ ಇಯತ್ತೆಯ ಮಕ್ಕಳಿಗೆ ಒಂದೊಂದು ಮುಷ್ಟಿ ಕಡಲೆ ತರಲು ಹೇಳಿದ್ದೆ. ನೆಲದ ಮೇಲೆ ಕೂಡ್ರಿಸಿ ಒಂದು ಗುಂಪಿಗೆ 91 ಕಾಳು, ಇನ್ನೊಂದಕ್ಕೆ 97 ಕಾಳು ಎಣಿಸಿ ಕೊಟ್ಟು, "ಸಾಲಿಗೆ ಸಮ ಸಮ ಇಡ್ರಿ, ಒಂದು ಕಾಳೂ ಉಳೀಬಾರದು" ಅಂದೆ. 91ರ ಗುಂಪು ಎರಡು ಸಾಲು ಮಾಡಿತು, ಒಂದು ಉಳಿಯಿತು. ಮೂರು ಸಾಲು, ಮತ್ತೆ ಒಂದು. ಐದು ಸಾಲು, ಆಗಲೂ ಒಂದು. "ಸರ್ರ, ಇದು ಹೋಗಂಗಿಲ್ರಿ" ಎಂದು ಹುಡುಗರು ಕೈ ಝಾಡಿಸಿ ಎದ್ದರು. ಮೂಲೆಯಲ್ಲಿದ್ದ ಒಬ್ಬ ಹುಡುಗಿ ಮಾತ್ರ ಏಳು ಸಾಲು ಹಿಡಿದಳು. ಸಾಲಿಗೆ 13ರಂತೆ ಕಡೆಯ ಕಾಳೂ ತನ್ನ ಜಾಗದಲ್ಲಿ ಕೂತಿತು. 97ರ ಗುಂಪು ಮಾತ್ರ ಗಂಟೆ ಹೊಡೆಯುವವರೆಗೂ ಹೆಣಗಿತು. ಕಾಳು ಬಾಚಿಕೊಳ್ಳುವಾಗ ಒಬ್ಬ ಕೇಳಿದ: "ಒಂದು ಚೀಲ ಕಡ್ಲಿ ಇದ್ರ ಹೆಂಗ ಗೊತ್ತು ಮಾಡೂದ್ರಿ?"

ಗಣಿತದ ಹಳೆಯ, ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. 1ಕ್ಕಿಂತ ದೊಡ್ಡದಾದ ಒಂದು ಸಂಖ್ಯೆ ತನ್ನನ್ನು ಮತ್ತು 1ನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದಿದ್ದರೆ ಅದು ಅವಿಭಾಜ್ಯ. 97 ಅವಿಭಾಜ್ಯವೆಂದು ತಿಳಿಯಲು 2, 3, 5, 7 ಇಷ್ಟರಿಂದ ಭಾಗಿಸಿ ನೋಡಿದರೆ ಸಾಕು. ಮುಂದಿನ ಅವಿಭಾಜ್ಯ 11ರ ವರ್ಗವೇ 121. ಅದು 97ನ್ನು ದಾಟಿಹೋಯಿತು. ಎರಡು ಅಪವರ್ತನಗಳಲ್ಲಿ ಸಣ್ಣದು ವರ್ಗಮೂಲವನ್ನು ಮೀರುವಂತಿಲ್ಲ ಎಂಬುದೇ ಇಲ್ಲಿಯ ಆಧಾರ. ಈಗ ಈ ಸಂಖ್ಯೆಯನ್ನು ನೋಡಿ:

57896044618658097711785492504343953926634992332820282019728792003956564819949

ಇದರಲ್ಲಿ 77 ಅಂಕಿಗಳಿವೆ. 2ನ್ನು 255 ಸಲ ಗುಣಿಸಿ ಬಂದದ್ದರಲ್ಲಿ 19 ಕಳೆದರೆ ಇದು ಸಿಗುತ್ತದೆ. ನವಲಗುಂದದ ರೈತನೊಬ್ಬ ಇವತ್ತಿನ ಹೆಸರಿನ ಧಾರಣೆ ಏನೆಂದು ಎಪಿಎಂಸಿಯಲ್ಲಿರುವ ತಮ್ಮನಿಗೆ ವಾಟ್ಸ್‌ಆ್ಯಪಿನಲ್ಲಿ ಕೇಳಿದರೆ, ಆ ಮಾತು ಮೂರನೆಯವರ ಕಣ್ಣಿಗೆ ಬೀಳದಂತೆ ಕಾಯುವ ಬೀಗದ ಹಿಂದೆ ಈ ಸಂಖ್ಯೆಯಿದೆ. ಅದು ಅವಿಭಾಜ್ಯವೆಂಬ ಖಾತ್ರಿಯ ಮೇಲೆಯೇ ಆ ಬೀಗದ ಲೆಕ್ಕವೆಲ್ಲ ನಿಂತಿದೆ. ಆದರೆ ಕಡಲೆಯ ದಾರಿಯಲ್ಲಿ ಇದನ್ನು ಪರೀಕ್ಷಿಸಲು ಹೊರಟರೆ ಇದರ ವರ್ಗಮೂಲದೊಳಗಿನ ಅವಿಭಾಜ್ಯಗಳೇ 37 ಅಂಕಿಯ ಸಂಖ್ಯೆಯಷ್ಟಾಗುತ್ತವೆ. ಸೆಕೆಂಡಿಗೆ 1ರ ಮುಂದೆ 18 ಸೊನ್ನೆ ಇಟ್ಟಷ್ಟು ಭಾಗಾಕಾರ ಮಾಡುವ ಯಂತ್ರವಿದ್ದರೂ ಕೆಲಸ ಮುಗಿಯಲು ವಿಶ್ವದ ವಯಸ್ಸಿನ ಆರು ಪಟ್ಟು ಕಾಲ ಬೇಕು.

ಆದರೂ ಅದು ಅವಿಭಾಜ್ಯವೆಂದು ನಮಗೆ ಗೊತ್ತು. ಅಂದಾಜಾಗಿ ಅಲ್ಲ, ಸಿದ್ಧವಾಗಿ ಗೊತ್ತು. ಹೇಗೆ? ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಹುಡುಗನ ಮನೆಗೆ ನೇರ ಹೋಗಿ ವಿಚಾರಿಸುವುದಿಲ್ಲ. ಮಗ್ಗುಲ ಮನೆಯ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಹಾಗೇ ಮಾತು ತೆಗೆಯುತ್ತಾರೆ. ದೊಡ್ಡ ಅವಿಭಾಜ್ಯಗಳ ವಿಷಯದಲ್ಲಿ ಗಣಿತಜ್ಞರು ಮಾಡಿದ್ದೂ ಇದನ್ನೇ. ಸಂಖ್ಯೆಯನ್ನೇ ಒಡೆಯಲು ಹೋಗದೆ ಅದರ ಹಿಂದಿನ ಸಂಖ್ಯೆಯನ್ನು, ಮುಂದಿನ ಸಂಖ್ಯೆಯನ್ನು, ಹತ್ತಿರದ ದುಂಡು ಸಂಖ್ಯೆಯನ್ನು ಕೇಳಿದರು. ದೊಡ್ಡ ಅವಿಭಾಜ್ಯದ ಗುಣಗಳೆಂದು ನಾವು ಹೇಳುವ ಬಹುಪಾಲು ಸಂಗತಿಗಳು ಅದರ ನೆರೆಯವರ ಗುಣಗಳು ಎಂಬುದು ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಹೊಳೆದ ಮಾತು. ಈ ಬರಹ ಅದರ ಸುತ್ತಲೇ ಇದೆ.

ಮೊದಲು ನಮ್ಮ ನೆಲದ ಲೆಕ್ಕ. ಈ ನಾಡಿನ ಹಳೆಯ ವಿಭಾಗಗಳ ಹೆಸರಿನಲ್ಲೇ ಸಂಖ್ಯೆಗಳಿದ್ದವು: ಅಣ್ಣಿಗೇರಿ ಇದ್ದದ್ದು ಬೆಳ್ವೊಲ-300ರಲ್ಲಿ, ಲಕ್ಷ್ಮೇಶ್ವರ ಪುಲಿಗೆರೆ-300ರಲ್ಲಿ, ಎರಡನ್ನೂ ಕೂಡಿಸಿ ಶಾಸನಗಳು ಎರಡರುನೂರು ಎಂದವು. ಕುಂದೂರು-500, ಹಲಸಿಗೆ-12000, ಬನವಾಸಿ-12000. ಅವು ಊರುಗಳ ಎಣಿಕೆಯೋ ಹುಟ್ಟುವಳಿಯ ಲೆಕ್ಕವೋ ಎಂಬ ಚರ್ಚೆ ಬೇರೆ. ನನ್ನ ಕಣ್ಣಿಗೆ ಬೀಳುವುದು ಅವೆಲ್ಲ ಸಲೀಸಾಗಿ ಭಾಗವಾಗುವ ಸಂಖ್ಯೆಗಳೆಂಬುದು. ರೂಪಾಯಿಗೆ 16 ಆಣೆ ಇದ್ದದ್ದೂ, ಡಜನ್ನಿಗೆ 12 ಇರುವುದೂ ಅರ್ಧ, ಕಾಲು ಮಾಡಲು ಅನುಕೂಲವೆಂದೇ. ಪಾಲು ಹಂಚುವ ಜನಕ್ಕೆ ಅವಿಭಾಜ್ಯ ಬೇಡದ ಸಂಖ್ಯೆ. ನವಲಗುಂದದ ಜಮಖಾನೆಯಲ್ಲಿ ಎಳೆಗಳ ಎಣಿಕೆ ಅವಿಭಾಜ್ಯವಾದರೆ ಒಂದೇ ಅಳತೆಯ ಹೂವು ಅಂಚಿನಿಂದ ಅಂಚಿಗೆ ಉಳಿಕೆಯಿಲ್ಲದೆ ಕೂರುವುದಿಲ್ಲ. ಬಾಳುವೆಯಲ್ಲಿ ತೊಡಕಾದ ಈ ಗುಣವೇ ಗುಟ್ಟು ಕಾಯುವಲ್ಲಿ ಕೆಲಸಕ್ಕೆ ಬಂತು.

ಹಾಗೆಂದು ಸಂಖ್ಯೆಗಳ ಒಳರಚನೆಯ ಕುತೂಹಲ ಈ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ರಾಜಧಾನಿ ಮಾನ್ಯಖೇಟ, ಈಗಿನ ಕಲಬುರ್ಗಿ ಜಿಲ್ಲೆಯ ಮಳಖೇಡ. ಬೆಳ್ವೊಲ ಆ ರಾಜ್ಯದ ಒಳಗಿತ್ತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ಗಂಗಾಧರಂ ಶಾಸನದಿಂದ ತಿಳಿಯುತ್ತದೆ. ಅಂದರೆ ಗ್ರಹಗತಿಯ ಲೆಕ್ಕ ಬಲ್ಲ ಮನೆಯೊಂದು ಆ ಹೊತ್ತಿಗೇ ನಮ್ಮೂರಲ್ಲಿತ್ತು ಎಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಮಹಾವೀರನ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು.

ಆ ಪುಸ್ತಕದ ಗುಣಾಕಾರದ ಭಾಗದಲ್ಲಿ ಮಹಾವೀರ ಕೊರಳ ಹಾರದಂತಿರುವ ಗುಣಲಬ್ಧಗಳನ್ನು ಕೊಡುತ್ತಾನೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವಂಥವು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು: 11111111. 27994681ನ್ನು 441ರಿಂದ ಗುಣಿಸಿದರೆ 12345654321. ಇವನ್ನು ಮಕ್ಕಳು ಬರೀ ಚಮತ್ಕಾರವೆಂದು ನೋಡುತ್ತಾರೆ, ನಾನೂ ಬಹಳ ದಿನ ಹಾಗೇ ನೋಡಿದ್ದೆ. ಆದರೆ ಹಾರ ಕಟ್ಟಬೇಕಾದರೆ ಮೊದಲು ಹಾರವನ್ನು ಬಿಚ್ಚಲು ಬರಬೇಕು. ಎಂಟು ಒಂದುಗಳ ಸಂಖ್ಯೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳ ಗುಣಲಬ್ಧ. ಅದರೊಳಗೆ 73 ಅಡಗಿದೆ ಎಂದು ಕಂಡವನಿಗೇ ಆ ಲೆಕ್ಕ ಹೊಳೆದೀತು. ಅವಿಭಾಜ್ಯಗಳ ಸಿದ್ಧಾಂತವನ್ನು ಮಹಾವೀರ ಬರೆಯಲಿಲ್ಲ. ಆದರೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ' ಎಂದು ಹೆಸರಿಟ್ಟು ಬಳಸಿದ. ಸಂಖ್ಯೆಯನ್ನು ಒಡೆದು ನೋಡುವ ಕಣ್ಣು ಅವನಿಗಿತ್ತು.

441 ಎಂದಕೂಡಲೇ ಧಾರವಾಡದವರಿಗೆ ಸಾಧನಕೇರಿ ನೆನಪಾಗಬೇಕು. ಅಲ್ಲಿ ವಾಸವಿದ್ದ ಕವಿ ದ.ರಾ. ಬೇಂದ್ರೆ ಕೊನೆಯ ವರ್ಷಗಳಲ್ಲಿ ಸಂಖ್ಯೆಗಳ ಧ್ಯಾನದಲ್ಲಿ ಮುಳುಗಿದ್ದರು. ಅವರ ಮನಸ್ಸನ್ನು ಹಿಡಿದ ಸಂಖ್ಯೆ 441. ಅದಕ್ಕೂ ಮಹಾವೀರನ ಹಾರಕ್ಕೂ ನಂಟು ಕಟ್ಟುವ ಆಸೆ ನನಗಿಲ್ಲ. ಹಾರದಲ್ಲಿ 441 ಬಂದ ಕಾರಣ ಮಾತ್ರ ಸ್ಪಷ್ಟ: ಆರು ಒಂದುಗಳ ಸಂಖ್ಯೆ 111111, 21 ಮತ್ತು 5291ರ ಗುಣಲಬ್ಧ, ಎರಡನ್ನೂ ವರ್ಗ ಮಾಡಿದರೆ 441 ಮತ್ತು 27994681. ಬೇಂದ್ರೆಯವರಿಗೆ ಸಂಖ್ಯೆಯೂ ಕಾವ್ಯವೇ ಆಗಿತ್ತು. ಆ ಭಾವ ನನಗೆ ಪರಕೀಯವಲ್ಲ.

ಒಂದುಗಳ ಹಾರವನ್ನು ಇನ್ನೂ ಉದ್ದ ಮಾಡುತ್ತ ಹೋದರೆ ಯಾವಾಗ ಅವಿಭಾಜ್ಯ ಸಿಗುತ್ತದೆ? 11 ಅವಿಭಾಜ್ಯ. 111 ಅಲ್ಲ, ಅದು 3 ಮತ್ತು 37. ಐದು ಒಂದುಗಳು 41 ಮತ್ತು 271. ಏಳು ಒಂದುಗಳು 239 ಮತ್ತು 4649. ಒಂದುಗಳ ಎಣಿಕೆಯೇ ಭಾಗವಾಗುವಂತಿದ್ದರೆ ಸಂಖ್ಯೆಯೂ ಭಾಗವಾಗುತ್ತದೆ. ಆರು ಒಂದುಗಳಲ್ಲಿ 11 ಮೂರು ಸಲ, 111 ಎರಡು ಸಲ ಕೂತಿರುವುದು ಕಣ್ಣಿಗೇ ಕಾಣುತ್ತದೆ. 11 ಆದ ಮೇಲೆ ಅವಿಭಾಜ್ಯ ಸಿಗುವುದು 19 ಒಂದುಗಳಲ್ಲಿ, ಆಮೇಲೆ 23ರಲ್ಲಿ, ಆಮೇಲೆ ಒಮ್ಮೆಲೇ 317ರಲ್ಲಿ, ಮುಂದೆ 1031ರಲ್ಲಿ. ಈ ಕಡೆಯದನ್ನು ಹ್ಯೂ ವಿಲಿಯಮ್ಸ್ ಮತ್ತು ಹಾರ್ವೆ ಡಬ್ನರ್ 1986ರಲ್ಲಿ ಸಾಧಿಸಿದರು. 49081 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಸಿದ್ಧವಾದದ್ದು 2022ರಲ್ಲಿ. ಮಳಖೇಡದಲ್ಲಿ ಎಂಟು ಮಣಿಗಳಿಂದ ಶುರುವಾದ ಹಾರ ಹೀಗೆ ಬೆಳೆಯುತ್ತಲೇ ಬಂದಿದೆ.

ಇನ್ನು ಮಗ್ಗುಲ ಮನೆಗೆ ಹೋಗೋಣ. 1640ರಲ್ಲಿ ಫ್ರಾನ್ಸಿನ ಪಿಯರ್ ಫರ್ಮಾ ಒಂದು ಮಾತು ಹೇಳಿದ: ಅವಿಭಾಜ್ಯ ಸಂಖ್ಯೆಯ ಹಿಂದಿನ ಸಂಖ್ಯೆ ಎಷ್ಟೋ ಅಷ್ಟು ಸಲ 2ನ್ನು ಗುಣಿಸಿ ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 2ರ ಬದಲು 3, 5, ಏನಿದ್ದರೂ ಸರಿ, ಆ ಅವಿಭಾಜ್ಯದ ಅಪವರ್ತ್ಯವಾಗಿರಬಾರದು ಅಷ್ಟೇ. 7ಕ್ಕೆ ನೋಡಿ: 2ನ್ನು ಆರು ಸಲ ಗುಣಿಸಿದರೆ 64, 7ರ ಮಗ್ಗಿಯಲ್ಲಿ 63 ಹೋಗಿ ಉಳಿದದ್ದು 1. ಶೇಷ 1 ಬರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ ಎಂದು ಅಲ್ಲೇ ತೀರ್ಮಾನ. ಅಪವರ್ತನ ಯಾವುದೆಂದು ಗೊತ್ತಾಗುವ ಅಗತ್ಯವೂ ಇಲ್ಲ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ವರ್ಗ ಮಾಡುತ್ತ, ಶೇಷ ಇಟ್ಟುಕೊಳ್ಳುತ್ತ ಹೋದರೆ 77 ಅಂಕಿಯದಕ್ಕೆ 255ರ ಆಸುಪಾಸಿನಷ್ಟು ವರ್ಗ ಸಾಕು. ವಿಶ್ವದ ವಯಸ್ಸು ಕೇಳಿದ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಆದರೆ ಮಗ್ಗುಲ ಮನೆಯವರು ಒಮ್ಮೊಮ್ಮೆ ಸುಳ್ಳೂ ಹೇಳುತ್ತಾರೆ. ನಮ್ಮ 91ನ್ನೇ ಕೇಳಿ. 3ನ್ನು ಆರು ಸಲ ಗುಣಿಸಿದರೆ 729. 91 ಎಂಟಲೆ 728. ಶೇಷ 1. ಆರು ಸಲಕ್ಕೇ 1 ಬಂದ ಮೇಲೆ 90 ಸಲಕ್ಕೂ 1 ಬರುತ್ತದೆ, ಯಾಕೆಂದರೆ 90 ಎಂದರೆ ಆರು ಹದಿನೈದಲೆ. ಹೀಗೆ 3ರ ಮಾತು ಕೇಳಿದರೆ 91 ಅವಿಭಾಜ್ಯದಂತೆಯೇ ತೋರುತ್ತದೆ! 2ನ್ನು ಕೇಳಿದರೆ ಮಾತ್ರ ಶೇಷ 64 ಬಂದು ಬಣ್ಣ ಬಯಲಾಗುತ್ತದೆ. ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿದ ದಿನ, ಏಳು ಸಾಲು ಇಟ್ಟಿದ್ದ ಅದೇ ಹುಡುಗಿ "ಹಂಗಾದ್ರ ಇಬ್ಬರನ್ನ ಕೇಳಬೇಕ್ರಿ ಸರ್ರ" ಎಂದಳು. ಸಾಕ್ಷಿ ಹೆಚ್ಚು ಮಾಡಬೇಕೆಂಬ ಆ ಮಾತು ನಿಜವಾದ ಗಣಿತದ ಮಾತು. ಆದರೆ ಎಷ್ಟು ಜನರನ್ನು ಕೇಳಿದರೂ ತಪ್ಪಿಸಿಕೊಳ್ಳುವ ಸಂಖ್ಯೆಗಳೂ ಇವೆ. 561 ಎಂದರೆ 3, 11, 17ರ ಗುಣಲಬ್ಧ. ಇವು ಮೂರೂ ಅಪವರ್ತನವಾಗಿಲ್ಲದ ಯಾವ ಸಂಖ್ಯೆಯನ್ನು ಹಿಡಿದು ಕೇಳಿದರೂ ಅದು ಶೇಷ 1 ಎಂದೇ ಹೇಳುತ್ತದೆ. ಇಂಥ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು 1994ರಲ್ಲಿ ಆಲ್ಫೋರ್ಡ್, ಗ್ರಾನ್‌ವಿಲ್, ಪಾಮರೆನ್ಸ್ ಎಂಬ ಮೂವರು ಸಾಧಿಸಿದರು. 1970ರ ದಶಕದಲ್ಲಿ ಮಿಲ್ಲರ್ ಮತ್ತು ರಾಬಿನ್ ಇದಕ್ಕೆ ಮದ್ದು ಕಂಡರು. ಕೇವಲ ಕೊನೆಯ ಶೇಷವನ್ನಲ್ಲ, ದಾರಿಯಲ್ಲಿ ವರ್ಗ ಮಾಡುವಾಗ 1 ಹೇಗೆ ಬಂತೆಂಬುದನ್ನೂ ನೋಡಬೇಕು. ಆಗ ಭಾಜ್ಯ ಸಂಖ್ಯೆಯ ವಿಷಯದಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಕಡಿಮೆಯಿಲ್ಲದಷ್ಟು ಸಾಕ್ಷಿಗಳು ನಿಜ ಹೇಳುತ್ತವೆ. ಐವತ್ತು ಸಾಕ್ಷಿ ಕೇಳಿದರೆ ಮೋಸದ ಅವಕಾಶ ಇಲ್ಲವೆಂಬಷ್ಟು ಸಣ್ಣದು.

ಇಲ್ಲವೆಂಬಷ್ಟು ಸಣ್ಣದಾದರೂ ಪೂರ್ತಿ ಇಲ್ಲ ಎಂದಲ್ಲವಲ್ಲ. ಪೂರ್ತಿ ಖಾತ್ರಿಗೆ ಹಿಂದಿನ ಮನೆಯ ಒಳಕೋಣೆಗೇ ಹೋಗಬೇಕು. 1914ರಲ್ಲಿ ಇಂಗ್ಲೆಂಡಿನ ಪಾಕ್ಲಿಂಗ್ಟನ್ ತೋರಿಸಿದ ದಾರಿ ಅದು. 23ನ್ನು ತೆಗೆದುಕೊಳ್ಳಿ. ಹಿಂದಿನ ಸಂಖ್ಯೆ 22, ಅದರೊಳಗೆ 11 ಎಂಬ ಅವಿಭಾಜ್ಯ. 2ನ್ನು 22 ಸಲ ಗುಣಿಸಿ 23ರಿಂದ ಭಾಗಿಸಿದರೆ ಶೇಷ 1. 22ರಲ್ಲಿ 11 ಎರಡು ಸಲ ಹೋಗುತ್ತದೆ. 2ನ್ನು ಎರಡೇ ಸಲ ಗುಣಿಸಿದರೆ 4, ಒಂದು ಕಳೆದರೆ 3. 3ಕ್ಕೂ 23ಕ್ಕೂ ಸಾಮಾನ್ಯ ಅಪವರ್ತನ ಯಾವುದೂ ಇಲ್ಲ. ಇಷ್ಟು ಗೊತ್ತಾದರೆ 23ರ ಯಾವ ಅವಿಭಾಜ್ಯ ಅಪವರ್ತನವಿದ್ದರೂ ಅದರ ಹಿಂದಿನ ಸಂಖ್ಯೆ 11ರಿಂದ ಭಾಗವಾಗಲೇಬೇಕು, ಅಂದರೆ ಆ ಅಪವರ್ತನ 12ಕ್ಕಿಂತ ಕಡಿಮೆ ಇರುವಂತಿಲ್ಲ. ಆದರೆ 23ರ ವರ್ಗಮೂಲದೊಳಗಿನ ಅಪವರ್ತನ 4ನ್ನು ದಾಟುವಂತಿಲ್ಲ. ಆದ್ದರಿಂದ ಅಂಥದ್ದು ಇಲ್ಲವೇ ಇಲ್ಲ, 23 ಅವಿಭಾಜ್ಯ. 2, 3ರಿಂದ ಭಾಗಿಸಿ ನೋಡುವುದೇ ಸುಲಭವಲ್ಲವೇ ಎಂದರೆ 23ಕ್ಕೆ ಹೌದು. ಆದರೆ ನಮ್ಮ 77 ಅಂಕಿಯ ಸಂಖ್ಯೆಗೆ ಉಳಿದದ್ದು ಇಂಥ ದಾರಿಯೇ. ಅದರಲ್ಲಿ ಒಂದು ಕಳೆದರೆ ಬರುವ ಸಂಖ್ಯೆ 4, 3, 65147 ಮತ್ತು ಇನ್ನೊಂದು 71 ಅಂಕಿಯ ಅವಿಭಾಜ್ಯದ ಗುಣಲಬ್ಧ. ಆ 71 ಅಂಕಿಯದು 7405821273 ಎಂದು ಶುರುವಾಗಿ 340907 ಎಂದು ಮುಗಿಯುತ್ತದೆ. ವರ್ಗಮೂಲಕ್ಕಿಂತ ಎಷ್ಟೋ ದೊಡ್ಡದು. ಅದೊಂದು ಸಾಕ್ಷಿಯೇ ಸಾಕಾಯಿತು. ಅದು ತಾನೇ ಅವಿಭಾಜ್ಯವೆಂದು ಯಾರು ಹೇಳಬೇಕು? ಅದರ ಹಿಂದಿನ ಸಂಖ್ಯೆ. ಹೀಗೆ ಮನೆಯಿಂದ ಮನೆಗೆ ಇಳಿಯುತ್ತ ಕೊನೆಗೆ ಮಕ್ಕಳ ಕಡಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಯಾವ ಅವಿಭಾಜ್ಯಕ್ಕೂ ಇಂಥ ಚಿಕ್ಕ ಪ್ರಮಾಣಪತ್ರ ಇದ್ದೇ ಇರುತ್ತದೆ ಎಂದು 1975ರಲ್ಲಿ ವಾನ್ ಪ್ರಾಟ್ ತೋರಿಸಿದರು. ಅದನ್ನು ಕಂಡುಹಿಡಿಯುವುದು ಕಷ್ಟವಿರಬಹುದು, ಕೈಗೆ ಬಂದ ಮೇಲೆ ಪರೀಕ್ಷಿಸುವುದು ಕಷ್ಟವಲ್ಲ.

ಮುಂದಿನ ಮನೆಯ ಕತೆ ಇನ್ನೂ ಚೆಂದ. 2ರ ಘಾತಗಳಿಗಿಂತ ಒಂದು ಕಡಿಮೆ ಇರುವ 3, 7, 31, 127 ಮೊದಲಾದ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಇವುಗಳ ಮುಂದಿನ ಸಂಖ್ಯೆಯಲ್ಲಿ ಬರೀ 2ಗಳೇ. ಅದನ್ನು ಹಿಡಿದುಕೊಂಡು ಎದ್ವಾರ್ ಲೂಕಾ ಒಂದು ಪರೀಕ್ಷೆ ಕಟ್ಟಿದ. ಲೆಹ್ಮರ್ ಅದನ್ನು ನೇರ್ಪುಗೊಳಿಸಿದ. 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆಯಿರಿ, ಶೇಷ ಇಟ್ಟುಕೊಳ್ಳಿ. 31ಕ್ಕೆ: 4, ಆಮೇಲೆ 14, 14ರ ವರ್ಗ 196, ಎರಡು ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8, 8ರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. 31 ಎಂದರೆ ಐದು 2ಗಳ ಗುಣಲಬ್ಧಕ್ಕೆ ಒಂದು ಕಡಿಮೆ. ಐದಕ್ಕೆ ಎರಡು ಕಡಿಮೆ ಮೂರು ಹೆಜ್ಜೆಯಲ್ಲಿ ಸೊನ್ನೆ ಬಂದರೆ ಅದು ಅವಿಭಾಜ್ಯ. ಹನ್ನೊಂದು 2ಗಳಿಂದ ಬರುವ 2047ಕ್ಕೆ ಸೊನ್ನೆ ಬರುವುದಿಲ್ಲ. ಅದು 23 ಮತ್ತು 89ರ ಗುಣಲಬ್ಧ. ಲೂಕಾ 1876ರಲ್ಲಿ ಯಂತ್ರವಿಲ್ಲದೆ 2ರ 127ನೆಯ ಘಾತಕ್ಕೆ ಒಂದು ಕಡಿಮೆ ಇರುವ 39 ಅಂಕಿಯ ಸಂಖ್ಯೆಯನ್ನು ಅವಿಭಾಜ್ಯವೆಂದು ಸಾಧಿಸಿದ. ಮುಂದಿನ 75 ವರ್ಷ ಅದನ್ನು ಮೀರಿದ್ದು ಯಾರಿಗೂ ಸಿಗಲಿಲ್ಲ. ಅಕ್ಟೋಬರ್ 2024ರಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು 2ರ 136279841ನೆಯ ಘಾತಕ್ಕೆ ಒಂದು ಕಡಿಮೆ ಇರುವ ಸಂಖ್ಯೆ. ಅದರಲ್ಲಿ 41024320 ಅಂಕಿಗಳಿವೆ. ಪುಟಕ್ಕೆ 3000 ಅಂಕಿಯಂತೆ ಅಚ್ಚು ಮಾಡಿದರೆ 13 ಸಾವಿರ ಪುಟ ದಾಟುತ್ತದೆ. ಕೆಲಸಕ್ಕೆ ಬರುವುದು 77 ಅಂಕಿಯದೇ ಹೊರತು ಈ ದೈತ್ಯವಲ್ಲ. ಆದರೂ ಅದನ್ನು ಹುಡುಕಿದ ಶ್ರಮಕ್ಕೆ ನನ್ನ ಮನಸ್ಸು ಬಾಗುತ್ತದೆ.

ಮಗ್ಗುಲ ಮನೆಯವರು ಒಡೆಯಲಾರದಷ್ಟು ಬಿಗಿಯಾಗಿದ್ದರೆ? ಹಿಂದಿನ ಸಂಖ್ಯೆಯ ಅಪವರ್ತನಗಳೇ ಸಿಗದಿದ್ದರೆ? ಯಾವ ಸಂಖ್ಯೆ ಕೊಟ್ಟರೂ, ಅದೃಷ್ಟವನ್ನು ನೆಚ್ಚದೆ, ಅಂಕಿಗಳು ಹೆಚ್ಚಿದಂತೆ ವಿಪರೀತ ಬೆಳೆಯದ ಕಾಲದಲ್ಲಿ ಹೌದು ಅಥವಾ ಅಲ್ಲ ಎಂದು ಹೇಳುವ ಕ್ರಮ ಇದೆಯೇ ಎಂಬುದು ಬಹುಕಾಲದ ಪ್ರಶ್ನೆಯಾಗಿತ್ತು. ಆಗಸ್ಟ್ 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಎಳೆಯ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದಕ್ಕೆ ಹೌದೆಂಬ ಉತ್ತರ ಕೊಟ್ಟರು. ದಿನದ ಬಳಕೆಗೆ ಬೇರೆ ಕ್ರಮಗಳೇ ಚುರುಕು. ಆದರೆ ಅದು ಆಗುವ ಕೆಲಸವೆಂದು ಮೊದಲು ತೋರಿಸಿದ್ದು ನಮ್ಮ ದೇಶದ ಒಂದು ತರಗತಿ ಕೋಣೆಯಿಂದ ಬಂತೆಂಬುದನ್ನು ನಾನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ.

ದೊಡ್ಡ ಅವಿಭಾಜ್ಯಗಳು ಎಷ್ಟು ವಿರಳ ಎಂಬುದೂ ಕೇಳಬೇಕಾದ ಮಾತು. ಭಯಪಡುವಷ್ಟು ಏನಲ್ಲ. 1896ರಲ್ಲಿ ಹಡಮಾರ್ಡ್ ಮತ್ತು ದ ಲಾ ವಾಲೇ ಪೂಸಾಂ ಸಾಧಿಸಿದ ಪ್ರಮೇಯದಂತೆ, ನಮ್ಮ 77 ಅಂಕಿಯ ಸಂಖ್ಯೆಯ ಸುತ್ತಮುತ್ತ ಸರಾಸರಿ 177ಕ್ಕೆ ಒಂದು ಅವಿಭಾಜ್ಯ. ಆದರೆ ಸರಾಸರಿ ಬೇರೆ, ಇಂಥಿಂಥ ಅಂತರದಲ್ಲಿ ಒಂದಾದರೂ ಇದ್ದೇ ಇರುತ್ತದೆ ಎಂಬ ಖಾತ್ರಿ ಬೇರೆ. ಎರಡು ಪಕ್ಕದ ವರ್ಗಗಳ ನಡುವೆ, ಅಂದರೆ 81 ಮತ್ತು 100ರ ನಡುವೆ ಇರುವಂತೆ, ಯಾವಾಗಲೂ ಒಂದು ಅವಿಭಾಜ್ಯವಿರುತ್ತದೆಯೇ? ಇನ್ನೂ ಯಾರೂ ಸಾಧಿಸಿಲ್ಲ. ಈ ಕಷ್ಟದ ಹೊಲದಲ್ಲಿ ನೇಗಿಲು ಹೂಡಿದ ಕನ್ನಡಿಗ ಕೆ. ರಾಮಚಂದ್ರ. 1933ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ದುಡಿದು, 2011ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಒಂದು ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟೇ ದೂರ ನಡೆದರೆ ಅವಿಭಾಜ್ಯವೇ ಸಿಕ್ಕೀತೆಂದು ಹೇಳಲಾಗದಿದ್ದರೂ, ವರ್ಗಮೂಲಕ್ಕಿಂತ ಸಾಕಷ್ಟು ದೊಡ್ಡ ಅವಿಭಾಜ್ಯ ಅಪವರ್ತನವನ್ನು ಒಳಗಿಟ್ಟುಕೊಂಡ ಸಂಖ್ಯೆಯಾದರೂ ಸಿಗುತ್ತದೆ ಎಂದು 1969ರಲ್ಲಿ ತೋರಿಸಿದರು. ಆರ್. ಬಾಲಸುಬ್ರಮಣಿಯನ್ ಜೊತೆ 1978ರಲ್ಲಿ ಹಾರ್ಡಿ-ರಾಮಾನುಜನ್ ಪತ್ರಿಕೆ ಶುರು ಮಾಡಿದವರೂ ಅವರೇ. ಅವರ ಹೆಸರು ನಮ್ಮ ಶಾಲೆಯ ಗೋಡೆಗಳ ಮೇಲೆ ಇಲ್ಲದಿರುವುದು ನನ್ನನ್ನು ಕಾಡುತ್ತದೆ.

ಅವಿಭಾಜ್ಯ ಗುಟ್ಟು ಕಾಯುವ ಕೆಲಸಕ್ಕೆ ಬಂದದ್ದು 1970ರ ದಶಕದಲ್ಲಿ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬುದೇ ಮೂಲ. ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಮಹಾವೀರನ 15151 ಕೊಟ್ಟು 139 ಮತ್ತು 109ನ್ನು ಹುಡುಕಿರೆಂದರೆ ಎಷ್ಟೋ ಹೊತ್ತು ಹಿಡಿಯುತ್ತದೆ. 1977ರಲ್ಲಿ ಸವಾಲಾಗಿ ಇಟ್ಟ 129 ಅಂಕಿಯ ಸಂಖ್ಯೆ ಒಡೆದದ್ದು 1994ರಲ್ಲಿ. 250 ಅಂಕಿಯದು ಒಡೆದದ್ದು 2020ರಲ್ಲಿ.

ನಮ್ಮ 77 ಅಂಕಿಯ ಸಂಖ್ಯೆಯ ಕೆಲಸ ಬೇರೆ ಬಗೆಯದು. ಡೇನಿಯಲ್ ಬರ್ನ್‌ಸ್ಟೈನ್ ಅದನ್ನು ಆರಿಸಿದ ಪ್ರಬಂಧ 2006ರಲ್ಲಿ ಬಂತು. ಒಂದು ವಕ್ರರೇಖೆಯ ಮೇಲೆ 9 ಎಂಬ ಗುರುತಿನ ಬಿಂದುವಿನಿಂದ ಹೊರಟು, ನನ್ನ ಗುಟ್ಟಿನ ಸಂಖ್ಯೆಯಷ್ಟು ಹೆಜ್ಜೆ ಹಾಕಿ ನಿಂತ ಜಾಗವನ್ನು ಮಾತ್ರ ನಿಮಗೆ ಹೇಳುತ್ತೇನೆ. ಎಷ್ಟು ಹೆಜ್ಜೆ ಎಂದು ಹಿಂದಕ್ಕೆ ಎಣಿಸಲು ಯಾರಿಗೂ ಆಗದು. ಆ ದಾರಿಯ ಸುತ್ತಿನಲ್ಲಿರುವ ಹೆಜ್ಜೆಗಳ ಸಂಖ್ಯೆಯೂ ಒಂದು 76 ಅಂಕಿಯ ಅವಿಭಾಜ್ಯ, ಅಡ್ಡದಾರಿ ಸಿಗಬಾರದೆಂದು. ಪ್ರತಿ ಹೆಜ್ಜೆಯಲ್ಲೂ ದೊಡ್ಡ ಗುಣಾಕಾರ ಮಾಡಿ ಶೇಷ ತೆಗೆಯಬೇಕು. 19 ಬಂದದ್ದು ಇಲ್ಲಿಯೇ. 97ನ್ನು ನೋಡಿದರೆ ಗೊತ್ತಾಗುತ್ತದೆ. 97 ಎಂದರೆ 100ಕ್ಕೆ 3 ಕಡಿಮೆ, ಆದ್ದರಿಂದ ಪ್ರತಿ ನೂರಕ್ಕೂ 3 ಉಳಿಯುತ್ತದೆ. 5243ನ್ನು 97ರಿಂದ ಭಾಗಿಸಿದರೆ ಶೇಷ ಎಷ್ಟು? 52 ನೂರುಗಳಿಂದ 156, ಜೊತೆಗೆ 43, ಒಟ್ಟು 199. ಮತ್ತೆ ಒಂದು ನೂರಕ್ಕೆ 3, ಜೊತೆಗೆ 99, ಅಂದರೆ 102. ಮತ್ತೆ ಒಂದು ನೂರಕ್ಕೆ 3, ಜೊತೆಗೆ 2. ಶೇಷ 5. ಭಾಗಾಕಾರವನ್ನೇ ಮಾಡಲಿಲ್ಲ. 2ರ 255ನೆಯ ಘಾತ ಕಂಪ್ಯೂಟರಿಗೆ ನಮ್ಮ ನೂರಿದ್ದಂತೆ. ಅದು ಬಂದಾಗಲೆಲ್ಲ 19ರಿಂದ ಗುಣಿಸಿ ಕೂಡಿಸಿದರೆ ಮುಗಿಯಿತು. ದುಂಡು ಸಂಖ್ಯೆಯ ಅಷ್ಟು ಹತ್ತಿರ ಅವಿಭಾಜ್ಯ ಸಿಕ್ಕಿದ್ದರಿಂದಲೇ ಕಡಿಮೆ ಬೆಲೆಯ ಫೋನಿನಲ್ಲೂ ಸಂದೇಶ ತಡವರಿಸುವುದಿಲ್ಲ.

ಈ ಬೀಗವೂ ಶಾಶ್ವತವಲ್ಲ. 1994ರಲ್ಲಿ ಪೀಟರ್ ಶೋರ್ ತೋರಿಸಿದಂತೆ, ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಕಟ್ಟಲು ಸಾಧ್ಯವಾದ ದಿನ ಸಂಖ್ಯೆಗಳನ್ನು ಒಡೆಯುವುದೂ ಹೆಜ್ಜೆಗಳನ್ನು ಹಿಂದಕ್ಕೆ ಎಣಿಸುವುದೂ ಸುಲಭವಾಗುತ್ತದೆ. ಅದಕ್ಕಾಗಿ ಆಗಸ್ಟ್ 2024ರಲ್ಲಿ ಅಮೆರಿಕದ ಪ್ರಮಾಣ ಸಂಸ್ಥೆ ಹೊಸ ಬಗೆಯ ಬೀಗಗಳನ್ನು ಗೊತ್ತುಪಡಿಸಿತು. ಅವುಗಳಲ್ಲಿ ಮುಖ್ಯವಾದ ಒಂದರ ನಡುವೆ ಇರುವ ಅವಿಭಾಜ್ಯಕ್ಕೆ 77 ಅಂಕಿಯಿಲ್ಲ, 41 ದಶಲಕ್ಷ ಅಂಕಿಯೂ ಇಲ್ಲ. ಇರುವುದು ನಾಲ್ಕೇ ಅಂಕಿ: 3329. ಅದನ್ನೇ ಆರಿಸಿದ ಕಾರಣವೂ ಮಗ್ಗುಲ ಮನೆಯಲ್ಲಿದೆ: ಹಿಂದಿನ ಸಂಖ್ಯೆ 3328 ಎಂದರೆ 256 ಹದಿಮೂರಲೆ. ಎಂಟು 2ಗಳು ಅದರೊಳಗೆ ಇರುವುದರಿಂದ ಆ ಬೀಗದ ಲೆಕ್ಕ ಚುರುಕಾಗಿ ನಡೆಯುತ್ತದೆ.

ಕಡಲೆಯ ಪಾಠದ ಮರುದಿನ ಹಲಗೆಯ ಮೇಲೆ 3329 ಎಂದು ಬರೆದೆ. ಕಡಲೆ ಬೇಕಿಲ್ಲ ಎಂದೆ. ವರ್ಗಮೂಲ 57ರ ಮೇಲೆ ಸ್ವಲ್ಪ, ಆದ್ದರಿಂದ 53ರ ತನಕದ ಹದಿನಾರು ಅವಿಭಾಜ್ಯಗಳನ್ನು ಮಕ್ಕಳು ತಮ್ಮೊಳಗೆ ಹಂಚಿಕೊಂಡರು, ಇಬ್ಬರಿಗೆ ಒಂದರಂತೆ. 2, 3, 5ರವರು ಕೂತಲ್ಲೇ ಹೇಳಿದರು. 13ರವರು 256 ಹದಿಮೂರಲೆ ಬಳಸಿ ಒಂದು ಉಳೀತೆಂದು ಬೇಗ ಮುಗಿಸಿದರು. 53 ಆ ಹುಡುಗಿಯ ಪಾಲಿಗೆ ಬಂದಿತ್ತು. 53ರ ಮಗ್ಗಿ ಯಾರಿಗೂ ಬಾಯಿಗಿಲ್ಲ. ಪಾಟಿಯ ಮೇಲೆ ಕೂಡಿಸುತ್ತ 3286ರ ತನಕ ಬಂದು, ಕಳೆದು ನೋಡಿ, ಮತ್ತೊಮ್ಮೆ ಕಳೆದು ನೋಡಿ ಎದ್ದು ನಿಂತಳು.

"ನಲವತ್ಮೂರು ಉಳೀತ್ರಿ ಸರ್ರ."